ವಾಪಸ್ ಕೊಟ್ಟ ಮರಿ ಏನಾಗುತ್ತೆ?

ದೋಣಿಗಲ್ ಹತ್ತಿರ ನಾಯಿಮರಿ ಮಾರುವವನ ಮನೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಂಗೈಯಗಲದ ಬಿಳಿ ಮರಿಯೊಂದು ಆಗಲೇ ಅವಳ ಮಡಿಲಲ್ಲಿ ನಿದ್ದೆ ಹೋಗಿತ್ತು.

"ಆರೋಗ್ಯಕ್ಕೆ ಗ್ಯಾರಂಟಿ ಐತೆ ಕಣಕ್ಕ. ಕಾಯಿಲೆ ಬಿದ್ರೆ ವಾಪಸ್ ತಂದ್ಬುಡಿ, ಬೇರೆ ಮರಿ ಕೊಡ್ತೀನಿ," ಅಂದ.

"ತಂದುಕೊಟ್ಟ ಮರಿಗೆ ಔಷಧಿ ಮಾಡಿಸ್ತೀಯಾ?" ಅಂತ ಕೇಳಿದೆ.

ನಕ್ಕುಬಿಟ್ಟ. "ಅದರ ಚಿಂತೆ ನಿಮಗ್ಯಾಕಕ್ಕ? ನಿಮಗೆ ಹೊಸದು ಸಿಗ್ತದಲ್ಲ!"

ಮೈಯೆಲ್ಲ ಉರಿದುಹೋಯಿತು. "ಇದೇನು ಮಿಕ್ಸಿಯೇನೋ ಮಾರಾಯ, ಕೆಟ್ಟರೆ ಬದಲಾಯಿಸೋಕೆ? ದೇವರು ಕೊಟ್ಟ ಜೀವ ಕಣೋ!" ಅಂದೆ. ಕಾಯಿಲೆ ಬಿದ್ದ ಕೂಸನ್ನು ಇಂಥವನ ಕೈಗೆ ಒಪ್ಪಿಸುವುದಕ್ಕೆ ಗ್ಯಾರಂಟಿ ಅಂತ ಹೆಸರಂತೆ! ನೆನೆದರೆ ಇವತ್ತಿಗೂ ಸಿಟ್ಟು ಬರುತ್ತೆ.

ಮರಿಯನ್ನು ಅದರ ತಾಯಿಯ ಪಕ್ಕ ಮಲಗಿಸಿ ಬಂದೆವು. ಬಸ್ಸಿನಲ್ಲಿ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ; ಶಿವ ಅಷ್ಟಾದರೂ ಕರುಣೆ ತೋರಿದ.