ಗಂಧ ಮೆತ್ತಿದ ಗಾಜು

ನನ್ನ ತಂಗಿ ಜಯಮ್ಮನ ಕಾಲ್ಗುಣ ಕೆಟ್ಟದ್ದಲ್ಲ. ಮದುವೆಯ ದಿನ ಅವಳು ಕಾಲಿಟ್ಟಿದ್ದಕ್ಕೆ ಆ ಕಾರಿನ ಮುಂದಿನ ಗಾಜು ಸೀಳಲಿಲ್ಲ. ಅದು ಮೊದಲೇ ಸೀಳಿತ್ತು – ಸೀಳಲು ಕಾರಣನಾದವನು ನಾನು, ಸೀಳನ್ನು ಮುಚ್ಚಿದವನು ನಾನು, ಬೀಗರ ಮುಂದೆ ನಿಂತು ಸುಳ್ಳು ಹೇಳಿದವನೂ ನಾನೇ. ಇಷ್ಟು ಮಾತು ಹೇಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಅಷ್ಟರಲ್ಲಿ ಅವಳ ಕೂದಲು ನರೆಯಲು ಶುರುವಾಗಿತ್ತು.

ಆಗ ನಾನು ದೊಡ್ಡಬಳ್ಳಾಪುರದ ಒಬ್ಬ ಸೀರೆ ಸಾಹುಕಾರರ ಹತ್ತಿರ ಡ್ರೈವರಾಗಿದ್ದೆ. ಅವರದ್ದು ಹಳೇ ಕಾಲದ ಕರಿ ಕಾರು. ಮುಂದಿನ ಗಾಜು ಮಧ್ಯದಲ್ಲಿ ಒಂದು ಕಂಬಿ ಇಟ್ಟು ಎರಡು ತುಂಡಾಗಿ ಕೂರಿಸಿದ್ದು. ಆ ಕಾರು ನಿಲ್ಲಿಸಿದ ಕಡೆಯೆಲ್ಲ ಜನ ಸೇರುತ್ತಿದ್ದರು. ಅದರ ಸ್ಟೇರಿಂಗು ಹಿಡಿದವನು ನಾನು ಎನ್ನುವ ಜಂಬ ನನಗೆ ಸಾಹುಕಾರರಿಗಿಂತ ಒಂದು ಕೈ ಹೆಚ್ಚೇ ಇತ್ತು. ನಮ್ಮ ಊರು ಸಾಸಲು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ನಾನು, ಜಯ ಇಷ್ಟೇ. ಜಯಳಿಗೆ ಸೂಲಿಬೆಲೆ ಕಡೆಯ ಒಳ್ಳೇ ಒಕ್ಕಲು ಮನೆತನದ ಸಂಬಂಧ ಗೊತ್ತಾಯಿತು. ಹುಡುಗ ಮುನಿರಾಜು, ಮಾತು ಕಡಿಮೆ, ಕೆಲಸ ಜಾಸ್ತಿ. ಅವರ ಮನೆಯಲ್ಲಿ ತಾಯಿ ಮುನಿಯಮ್ಮನ ಮಾತೇ ಮಾತು. ಹೆಣ್ಣನ್ನು ಕಳಿಸಿಕೊಡುವ ದಿನ ಕಾರು ತಗೊಂಡು ಹೋಗು ಎಂದು ಸಾಹುಕಾರರೇ ಬಾಯಿಬಿಟ್ಟು ಹೇಳಿದ್ದರು. ಅಷ್ಟಕ್ಕೇ ನಾನು ಸುಮ್ಮನಿರಬಹುದಿತ್ತು.

ಸಾಹುಕಾರರು ವ್ಯಾಪಾರಕ್ಕೆಂದು ಮದರಾಸಿಗೆ ರೈಲು ಹತ್ತಿದರು. ನಾನು ಅವತ್ತೇ, ಅವರಿಗೆ ತಿಳಿಸದೆ, ಕಾರು ತೆಗೆದೆ. ಯಾಕೆ ಗೊತ್ತೇ? ಲಗ್ನಪತ್ರಿಕೆ ಹಂಚಲು! ಬಸ್ಸಿನಲ್ಲಿ ಹೋಗಿ ಹಂಚಬಹುದಿತ್ತು, ಸೈಕಲ್ಲಿನಲ್ಲಿ ಹೋಗಬಹುದಿತ್ತು. ಆದರೆ ನೆಂಟರ ಮನೆ ಬಾಗಿಲಲ್ಲಿ ಕಾರು ನಿಲ್ಲಿಸಿ, ಹಾರನ್ ಹೊಡೆದು, ಪತ್ರಿಕೆ ಕೊಟ್ಟು ಬರಬೇಕೆಂಬ ಆಸೆ. ಯಾರದ್ದೋ ದುಡ್ಡು ಯಲ್ಲಮ್ಮನ ಜಾತ್ರೆ. ಪಕ್ಕದ ಮಧುರೆ ಹಳ್ಳಿಯಲ್ಲಿ ನಮ್ಮ ಸೋದರಮಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ಲಾ, ಭಾರೀ ಮನ್ಷ ಆಗ್ಬಿಟ್ಟಿದೀಯಾ!" ಎಂದಾಗ ನನಗೆ ಹೊಟ್ಟೆ ತುಂಬಿಹೋಯಿತು. ಅಲ್ಲಿಂದ ಹಿಂದಿರುಗುವಾಗ ಜಲ್ಲಿ ತುಂಬಿದ ಲಾರಿಯೊಂದರ ಹಿಂದೆ ಹಿಂದೆಯೇ ಹೋದೆ. ಒಂದು ಕಲ್ಲು ಸಿಡಿದು ಎಡಗಡೆಯ ಗಾಜಿನ ಕೆಳಮೂಲೆಗೆ ಬಡಿಯಿತು.

ದೊಡ್ಡ ಗಾಯವೇನಲ್ಲ. ಬೇಳೆಯಷ್ಟು ಚೆಕ್ಕೆ ಎದ್ದು, ಅಲ್ಲಿಂದ ಬೆರಳುದ್ದ ಒಂದು ಗೀರು. ಆದರೆ ನನ್ನ ಜೀವ ಬಾಯಿಗೆ ಬಂತು.

ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದೆ. ಅವನು ಉಗುರಿನಿಂದ ಗೀರನ್ನು ಸವರಿ, "ಬದಲಾಯಿಸೋದೇ ಸೈ ಕಣಪ್ಪಾ. ಬೆಂಗಳೂರಲ್ಲಿ ಅಳತೆ ಕೊಟ್ಟು ತರಿಸ್ಬೇಕು. ಸಾಹುಕಾರ್ರಿಗೆ ಹೇಳ್ಬಿಡು" ಎಂದ.

"ಹೇಳ್ದೆ ಏನಾದ್ರೂ ರಿಪೇರಿ ಮಾಡಕ್ಕಾಗಲ್ವಾ?"

"ತಗಡಾದ್ರೆ ಬಡಿದು ಸರಿ ಮಾಡ್ಬೋದು, ಗಾಜಿಗೇನ್ ಮಾಡ್ಲಿ? ಬೇಕಾದ್ರೆ ಸ್ವಲ್ಪ ದಿನ ಹಂಗೇ ಓಡ್ಸು. ಬಾಗಿಲು ಮಾತ್ರ ಮೆಲ್ಲಗೆ ಹಾಕು, ಜೋರಾಗಿ ಬಡಿದ್ರೆ ಆ ಗೀರು ಓಡ್ಬಿಡುತ್ತೆ."

ಬದಲಾಯಿಸುವುದೋ, ಹೀಗೇ ಮುಚ್ಚಿಡುವುದೋ – ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಬದಲಾಯಿಸಬೇಕೆಂದರೆ ಸಾಹುಕಾರರಿಗೆ ಹೇಳಬೇಕು. ಹೇಳಿದರೆ ಕೇಳದೆ ಕಾರು ತೆಗೆದದ್ದು ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ, ಮದುವೆಗೆ ಕಾರೂ ಇಲ್ಲ. ಮಾವನ ಮುಂದೆ, ಊರಿನ ಮುಂದೆ ನನ್ನ ಮರ್ಯಾದೆ... ಹೌದು, ಆಗ ನನಗೆ ಕಂಡದ್ದು ನನ್ನ ಮರ್ಯಾದೆ ಒಂದೇ.

ಕೊನೆಗೆ ನನಗೆ ಹೊಳೆದ ರಿಪೇರಿ ಇದು. ಮದುವೆಯ ಗಾಡಿಗೆ ಹೇಗೂ ಗಂಧ ಕುಂಕುಮ ಹಚ್ಚುತ್ತಾರೆ. ಆ ಮೂಲೆಗೆ ಒಳಗಡೆಯಿಂದ ಒಂದು ದೇವರ ಪಟ ಅಂಟಿಸಿ, ಹೊರಗಡೆಯಿಂದ ಗಂಧವನ್ನು ದಪ್ಪಗೆ ಮೆತ್ತಿ, ಮೇಲೆ ಕುಂಕುಮ ಇಟ್ಟರೆ ಯಾರ ಅಪ್ಪನಿಗೆ ಗೊತ್ತಾಗುತ್ತದೆ? ದೇವರನ್ನೇ ನನ್ನ ಕಳ್ಳತನಕ್ಕೆ ಕಾವಲು ಕೂರಿಸಿದೆ.

ಗಂಧ ತೇಯ್ದು ಕೊಟ್ಟವಳು ಜಯ. ಮದುವೆಯ ಹಿಂದಿನ ಸಂಜೆ ಬಟ್ಟಲು ಹಿಡಿದುಕೊಂಡು ಕಾರಿನ ಹತ್ತಿರ ಬಂದಳು. ಕೈಗೆ ಅರಿಶಿನ ಹಚ್ಚಿತ್ತು. ಗೀರನ್ನು ಕಂಡು, "ಅಣ್ಣಾ, ಇದೇನಿದು, ಗಾಜು ಸೀಳಿದೆ?" ಎಂದಳು. ನಾನು ಆಚೆ ಈಚೆ ನೋಡಿ ಎಲ್ಲವನ್ನೂ ಹೇಳಿದೆ. "ಯಾರ್ ಮುಂದೇನೂ ಬಾಯ್ ಬಿಡ್ಬೇಡ ಕಣಮ್ಮಾ. ಮದ್ವೆ ಒಂದು ಮುಗೀಲಿ, ಸಾಹುಕಾರ್ರಿಗೆ ನಾನೇ ಹೇಳ್ತೀನಿ" ಎಂದೆ. ಅವಳು ನಕ್ಕು, "ನಾನ್ಯಾಕೆ ಹೇಳ್ಲಿ? ನೀನೇ ಹೇಳು" ಎಂದು ಬಟ್ಟಲು ಕೊಟ್ಟಳು. ಬೆಳಗ್ಗೆ ಮದರಾಸಿನಿಂದ ನೇರವಾಗಿ ಚಪ್ಪರಕ್ಕೆ ಬಂದ ಸಾಹುಕಾರರು ಕಾರನ್ನು ನೋಡಿ, "ಭೇಷ್, ಚೆನ್ನಾಗಿ ಸಿಂಗಾರ ಮಾಡಿದೀಯ" ಎಂದರು. ನಾನು ಹಲ್ಲು ಕಿರಿದೆ.

ಮುಹೂರ್ತ ಆಯಿತು, ಊಟ ಆಯಿತು, ಹೆಣ್ಣನ್ನು ಕಳಿಸುವ ಹೊತ್ತು ಬಂತು. ಬೆಳಗ್ಗೆಯಿಂದ ಬಾಗಿಲನ್ನು ಬೇರೆ ಯಾರೂ ಮುಟ್ಟದಂತೆ ನಾನೇ ತೆಗೆದು ನಾನೇ ಮೆಲ್ಲಗೆ ಹಾಕುತ್ತಿದ್ದೆ. ಧೂಳು ಬರುತ್ತದೆಂದು ಹೆಂಗಸರು ಕಿಟಕಿ ಗಾಜುಗಳನ್ನೆಲ್ಲ ಏರಿಸಿದ್ದರು. ಜಯ ಬಲಗಾಲು ಮುಂದಿಟ್ಟು ಹತ್ತಿ ಕೂತಳು. ಅವ್ವ ಬಾಗಿಲನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. ಬೇಗ ಹೊರಟರೆ ಸಾಕು ಅನ್ನಿಸಿತು. ಅವ್ವನ ಕೈ ಬಿಡಿಸಿ ಬಾಗಿಲನ್ನು ದಬ್ಬಿದೆ – ಜೋರಾಗಿ. ಮೇಸ್ತ್ರಿ ಹೇಳಿದ್ದು ಆ ಗಳಿಗೆಯಲ್ಲಿ ನೆನಪೇ ಇರಲಿಲ್ಲ.

ಟಪ್ ಎಂದು ಸದ್ದಾಯಿತು. ಗಂಧದ ಬೊಟ್ಟಿನಿಂದ ಹೊರಟ ಗೀರು ಎಡಗಡೆಯ ಗಾಜನ್ನು ಈ ತುದಿಯಿಂದ ಆ ತುದಿಯವರೆಗೆ ಸೀಳಿತು.

ವಾದ್ಯದವರು ನಿಲ್ಲಿಸಿಬಿಟ್ಟರು. ಯಾರೋ ಹೆಂಗಸು "ಅಯ್ಯೋ ಶಿವನೇ" ಎಂದಳು. ಮುನಿಯಮ್ಮ ಮುಂದೆ ಬಂದು ಗಾಜನ್ನು ನೋಡಿದರು, ಒಳಗೆ ಕೂತ ಸೊಸೆಯನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಆಕೆ ಕೆಟ್ಟವರಲ್ಲ. ನ್ಯಾಯವಾಗಿಯೇ ಕೇಳಿದರು.

"ಏನಪ್ಪಾ, ಗಾಜು ಮೊದ್ಲೇ ಏನಾದ್ರೂ ಆಗಿತ್ತಾ?"

ಸಾಹುಕಾರರು ಪಕ್ಕದಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಂತಿದ್ದರು. ಜಯ ಕಾರಿನ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಭಯದ ನೋಟವಲ್ಲ ಅದು. ಅಣ್ಣ ಇದ್ದಾನೆ, ಹೇಳುತ್ತಾನೆ ಎನ್ನುವ ನೋಟ.

"ಇಲ್ಲಮ್ಮಾ, ಬೆಳಗ್ಗೆಯಿಂದ ಚೆನ್ನಾಗೇ ಇತ್ತು" ಎಂದೆ.

"ಇಳಿಯಮ್ಮಾ, ಇಳಿ" ಎಂದರು ಮುನಿಯಮ್ಮ. ಜಯ ಇಳಿದಳು. ನನ್ನ ಮುಂದೆಯೇ ಹಾದು ಹೋದಳು, ಮುಖ ಎತ್ತಲಿಲ್ಲ. ಬಾಸಿಂಗ ಕಟ್ಟಿಕೊಂಡೇ ಗಂಡನ ಹಿಂದೆ ನಡೆದು ಹೋಗಿ ದಿಬ್ಬಣದ ಬಸ್ಸು ಹತ್ತಿದಳು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಸಾಹುಕಾರರು ಮರುದಿನ ಕಾರನ್ನು ನೋಡಿ, "ಗಾಜು ತಾನೆ, ಬದಲಾಯ್ಸಿದ್ರಾಯ್ತು ಬಿಡು" ಎಂದರು. ಒಂದು ಪ್ರಶ್ನೆ ಕೇಳಲಿಲ್ಲ. ಆ ವಾರದಲ್ಲೇ ಹೊಸ ಗಾಜು ಬಂದು ಕೂತಿತು. ಯಾವ ಮನುಷ್ಯನಿಗೆ ಹೆದರಿ ಒಡಹುಟ್ಟಿದವಳನ್ನು ಬಲಿ ಕೊಟ್ಟೆನೋ ಆತನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನನಗೇ ಯಾರೋ ಮೋಸ ಮಾಡಿದ ಹಾಗೆ ಸಿಟ್ಟು ಬಂತು – ನನಗೆ ಸಿಟ್ಟು! ನಾಚಿಕೆಗೆಟ್ಟವನಿಗೆ ಸಿಟ್ಟೊಂದು ಕೇಡು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವಳು ಅವಳು. ಆ ವರ್ಷ ಅವರ ಮನೆಯಲ್ಲಿ ಒಂದು ಎತ್ತು ಸತ್ತಿತು; ಅವಳ ಕಾಲ್ಗುಣ. ಬಾವಿಯ ಪಂಪು ಸುಟ್ಟಿತು, ಅವಳ ಕಾಲ್ಗುಣ. ಊರಿನ ಹೆಂಗಸರ ಬಾಯಲ್ಲಿ ಅವಳು 'ಗಾಜೊಡೆದೋಳು' ಆದಳು. ನೆಂಟರ ಮದುವೆಗೆ ಎಲ್ಲರೂ ವ್ಯಾನಿನಲ್ಲಿ ಹೊರಟರೆ ಅವಳು ಬಸ್ಸಿನಲ್ಲಿ ಬರಬೇಕು. ಮನೆಗೆ ಹೊಸ ಸೈಕಲ್ ತಂದು ಪೂಜೆ ಮಾಡಿದ ದಿನ ಅವಳು ಹಿತ್ತಲಲ್ಲಿ. ಮುನಿರಾಜು ಹೆಂಡತಿಯನ್ನು ಒಂದು ದಿನವೂ ಬೈದವನಲ್ಲ. ತಾಯಿಗೆ ಎದುರಾಡಿದವನೂ ಅಲ್ಲ.

ಮೊದಲ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಹೋದಾಗ, ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು ಕೇಳಿದಳು, "ಅಣ್ಣಾ, ಯಾವಾಗ ಹೇಳ್ತೀಯಾ?"

"ಹೇಳ್ತೀನಿ ಕಣಮ್ಮಾ. ಸ್ವಲ್ಪ ದಿನ ಹೋಗ್ಲಿ."

ಆಮೇಲೆ ಅವಳು ಕೇಳಲಿಲ್ಲ. ನಾನು ಪ್ರತಿ ವರ್ಷ ಬಾಗಿನ ಒಯ್ದೆ, ಪ್ರತಿ ವರ್ಷ ಒಂದು ಸೀರೆ ಹೆಚ್ಚಿಗೆ ಇಟ್ಟೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲಿಲ್ಲ. ಅವ್ವ ಸಾಯುವ ಮುಂಚೆ, "ನನ್ನ್ ಹೊಟ್ಟೇಲಿ ಹುಟ್ಟಿದ್ ಮಗೀಗೆ ಎಂಥ ಕಾಲ್ಗುಣ ಬಂತಪ್ಪಾ" ಎಂದು ನನ್ನ ಕೈ ಹಿಡಿದು ಅತ್ತಳು. ಆಗಲೂ... ಆಗಲೂ ನಾನು ಹೇಳಲಿಲ್ಲ. ಅವ್ವ ಅದನ್ನೇ ನಂಬಿ ಹೋದಳು.

ಹೋದ ತಿಂಗಳು ಮುನಿರಾಜು ಹಾಲು ಸಾಗಿಸಲೆಂದು ಒಂದು ವ್ಯಾನು ತಂದ. ಮೊದಲ ಸಲ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಲು ನನ್ನನ್ನೇ ಕರೆಸಿದರು – ಕೈಗುಣ ಚೆನ್ನಾಗಿದೆಯಂತೆ ನನ್ನದು! ನಾನು ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದ್ದೆ. ಎದುರಿಗೆ ಹೊಸ ಗಾಜು, ಅದರ ಮೇಲೆ ಗಂಧದ ಬೊಟ್ಟು. ಜಯಳ ಮಗಳು ಭಾಗ್ಯ, ಲಂಗ ದಾವಣಿಯ ಹುಡುಗಿ, ಆರತಿ ತಟ್ಟೆ ಹಿಡಿದು ಖುಷಿಯಾಗಿ ಮುಂದೆ ಬಂದಳು. ಮುನಿಯಮ್ಮ ಅವಳ ಕೈಯಿಂದ ತಟ್ಟೆ ತೆಗೆದುಕೊಂಡರು. "ನೀನ್ ಬೇಡಮ್ಮಾ. ಒಳಗೆ ನಿಮ್ಮಮ್ಮನ್ ಜೊತೆ ಕೂತ್ಕೋ ಹೋಗು" ಎಂದರು, ಮೆಲ್ಲಗೆ, ಪ್ರೀತಿಯಿಂದಲೇ. ಹುಡುಗಿ ಯಾಕೆ ಎಂದು ಕೇಳಲಿಲ್ಲ. ತಲೆ ತಗ್ಗಿಸಿ ತಿರುಗಿದಳು – ಥೇಟ್ ಅವತ್ತು ಅವಳಮ್ಮ ತಿರುಗಿದ ಹಾಗೆ.

ಇಂಜಿನ್ ಆರಿಸಿ ಕೆಳಗಿಳಿದೆ.

"ಅಮ್ಮಾ, ಅವತ್ತು ಗಾಜು ಮೊದ್ಲೇ ಸೀಳಿತ್ತು. ಕಲ್ಲು ಬಡಿದಿತ್ತು. ಗಂಧ ಮೆತ್ತಿ ಮುಚ್ಚಿದ್ದೆ. ನೀವು ಕೇಳ್ದಾಗ ಸುಳ್ಳು ಹೇಳ್ದೆ. ಜಯನ್ ತಪ್ಪು ಏನೂ ಇಲ್ಲ" ಎಂದೆ.

ಮುನಿಯಮ್ಮ ನನ್ನನ್ನು ಬೈಯುತ್ತಾರೆ, ಉಗಿಯುತ್ತಾರೆ ಅಂದುಕೊಂಡಿದ್ದೆ. ಆಕೆ ನನ್ನನ್ನು ನೋಡಲೇ ಇಲ್ಲ. ಹೊಸಿಲಿನ ಒಳಗೆ ಬಂದು ನಿಂತಿದ್ದ ಸೊಸೆಯನ್ನು ನೋಡಿದರು.

"ನಿಂಗೆ ಗೊತ್ತಿತ್ತೇನೇ ಜಯಾ?"

"ಗೊತ್ತಿತ್ತು ಅತ್ತೆ."

"ಗೊತ್ತಿದ್ದೂ ಇಷ್ಟ್ ವರ್ಷ ಯಾಕೇ ಬಾಯ್ ಬಿಡ್ಲಿಲ್ಲ?"

ಜಯ ಸೆರಗಿನಿಂದ ಕೈ ಒರೆಸಿಕೊಂಡಳು.

"ಅಣ್ಣನೇ ಹೇಳ್ತೀನಿ ಅಂದಿದ್ದ" ಎಂದಳು.

ಆಮೇಲೆ ಹೊಸಿಲು ದಾಟಿ ಬಂದು, ಅತ್ತೆಯ ಕೈಯಿಂದ ತಟ್ಟೆ ತೆಗೆದುಕೊಂಡು ಮಗಳ ಕೈಗೆ ಕೊಟ್ಟಳು. ಮುನಿಯಮ್ಮ ತಡೆಯಲಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದರೂ ಜಯ ನನ್ನ ಮುಖ ನೋಡಲಿಲ್ಲ. ನಾನು ವ್ಯಾನಿನ ಬೀಗದ ಕೈಯನ್ನು ಮುನಿರಾಜುವಿಗೆ ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಗೌರಿ ಹಬ್ಬ ಹತ್ತಿರ ಬರುತ್ತಿದೆ. ಹೋಗುತ್ತೇನೆ. ಈ ಸಲ ಹೆಚ್ಚಿನ ಸೀರೆ ಇಡುವುದಿಲ್ಲ, ಬಾಗಿನ ಮಾತ್ರ. ಬಾಗಿಲಲ್ಲೇ ನಿಂತಿರುತ್ತೇನೆ. ತೆಗೆದುಕೊಳ್ಳುವುದು, ಬಿಡುವುದು ಅವಳಿಗೆ ಸೇರಿದ್ದು.