ಅಕ್ಕನ ಜೋಗುಳ ಇದ್ದ ಡಿಸ್ಕು

ಗಂಟಲಿನ ಆಪರೇಷನ್ನಿಗೆ ಮುಂಚೆ ಅಕ್ಕ ತಿಕೋಟಾದಿಂದ ಬಸ್ಸು ಹತ್ತಿ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದಳು. ದನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಗ ನನ್ನ ಸೊಸೆ ಬಸುರಿ. ನಮ್ಮ ಮನೆತನದಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಅವ್ವನಿಂದ ಕಲಿತ ಜೋಗುಳವನ್ನು ಅಕ್ಕನೇ ಹಾಡಬೇಕು.

"ನನಗ ಹಾಡಾಕ ಆಗಲಿಲ್ಲಂದ್ರ ನಿನ್ನ ಮಶೀನಾದ್ರೂ ಹಾಡ್ಲಿ, ತಮ್ಮಾ" ಎಂದು ನನ್ನ ಕಂಪ್ಯೂಟರಿನ ಮೈಕಿನ ಮುಂದೆ ಕೂತು ಪೂರ್ತಿ ಹಾಡಿದಳು. ನೀರು ಕುಡಿದು ಮತ್ತೊಮ್ಮೆ ಹಾಡಿದಳು.

ಆ ಕಂಪ್ಯೂಟರು ಹಳೆಯದು. ಎಲ್ಲರೂ ಹೊಸದು ತಗೋ ಅಂದರೂ ನಾನು ಅದರಲ್ಲೇ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಂಡು ಓಡಿಸುತ್ತಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಡನ್ನು ಪೆನ್ ಡ್ರೈವಿಗೆ ಇಳಿಸೋಣ ಎಂದು ಹೋದದ್ದು ದಸರೆಯ ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು. ಅಷ್ಟರಲ್ಲಿ ಹೆಂಡತಿ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಈಳಿಗೆ, ಕತ್ತರಿ, ಸ್ಕೂಟರಿನ ಕೀಲಿಯ ಪಕ್ಕ ಪೂಜೆಗೆ ಇಟ್ಟಿದ್ದಳು.

"ಪೂಜಿಗಿ ಇಟ್ಟದ್ದು ಇವತ್ತ ಮುಟ್ಟಬಾರದ್ರಿ. ನಾಳೆ ಬನ್ನಿ ಕೊಟ್ಟಮ್ಯಾಲೆ ಚಾಲೂ ಮಾಡ್ರಿ" ಎಂದಳು.

ಹಬ್ಬದ ದಿನ ಜಗಳ ಯಾಕೆಂದು ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡೆ. ಅವಳು ಕಾಯಿ ಒಡೆದು, ಅದರ ನೀರನ್ನು ಎಲ್ಲದರ ಮೇಲೂ ಚಿಮುಕಿಸಿದಳು. ಭಕ್ತಿ ಹೆಚ್ಚಾದಷ್ಟೂ ನೀರೂ ಹೆಚ್ಚು.

ಮರುದಿನ ಬನ್ನಿ ಕೊಟ್ಟು ಬಂದು ಸ್ವಿಚ್ ಹಾಕಿದರೆ ತೆರೆ ಒಮ್ಮೆ ಬೆಳಗಿ ಆರಿಹೋಯಿತು. ಬಿಚ್ಚಿ ಒಣಗಿಸಿದೆ. ಒಳಗಿನ ಮೆಮೊರಿ ಪಟ್ಟಿಯನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಚಾಲೂ ಏನೋ ಆಯಿತು, ಆದರೆ ಅದರ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿಗೆ ಹೋಗಿ ಕೂತಿತ್ತು. ನಿನ್ನೆ ಮೊನ್ನೆಯ ಕಡತಗಳೆಲ್ಲ ಮುಂದೆ ಬರಲಿರುವ ಕಾಲದವು ಎಂದು ಲಿನಕ್ಸ್ ತಕರಾರು ತೆಗೆಯಿತು. ಗಡಿಯಾರ ನಡೆಸುವ ಬಿಲ್ಲೆ ಬ್ಯಾಟರಿ ಸತ್ತಿತ್ತು. ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಿಂದ ಹೊಸದು ತಂದು ಹಾಕಿ, ತಾರೀಖು ತಿದ್ದಿ, ಗೆದ್ದೆ ಅಂದುಕೊಂಡೆ.

ಅಷ್ಟು ಹೊತ್ತೂ ಹಾಡು ಕೂತಿದ್ದ ಡಿಸ್ಕು ಒಳಗೆ ಟಕ್ ಟಕ್ ಅನ್ನುತ್ತಿತ್ತು. ತಾರೀಖಿನ ಗುಂಗಿನಲ್ಲಿದ್ದ ನನಗೆ ಅದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಕ್ಕನ ಹಾಡಿನ ಕಡತದ ಹೆಸರು ಕಂಡಿತು, ತೆರೆಯಲಿಲ್ಲ. ಆಮೇಲೆ ಹೆಸರೂ ಕಾಣಲಿಲ್ಲ.

"ಇದು ಪೂರಾ ಹೋಗೇತ್ರಿ ಸರ್. ಒಳಗಿಂದು ಏನೂ ಬರೂದಿಲ್ಲ" ಎಂದರು, ಡಿಸ್ಕು ಒಯ್ದು ತೋರಿಸಿದಾಗ, ಬ್ಯಾಟರಿ ಕೊಟ್ಟಿದ್ದ ಅಂಗಡಿಯವರು.

ಹೆಂಡತಿ ಅಡುಗೆಮನೆಯಲ್ಲಿ ಕೂತು ಅತ್ತಳು. ಬೈಯಲು ನನಗೆ ಮನಸ್ಸಾಗಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ತೊಟ್ಟಿಲ ಕಾರ್ಯ ಸೊಸೆಯ ತವರು ಬಬಲೇಶ್ವರದಲ್ಲಿ ಆಯಿತು. ಹಾಡು ಹೋದದ್ದನ್ನು ಅಕ್ಕನಿಗೆ ಮೊದಲೇ ತಿಳಿಸಿದ್ದೆ. ಅಷ್ಟೊತ್ತಿಗೆ ಆಪರೇಷನ್ನಿನಲ್ಲಿ ಅವಳ ದನಿಯೂ ಹೋಗಿತ್ತು, ಬರೆದು ಕೊಡಲು ಅವಳಿಗೆ ಅಕ್ಷರ ಬಾರದು. ಕೂಸನ್ನು ಹಾಕಿದ ಮೇಲೆ ಅವಳು ತೊಟ್ಟಿಲ ಹಗ್ಗ ಹಿಡಿದು, ನನಗೂ ನಮ್ಮ ತಂಗಿಯರಿಗೂ ನೀವು ಹಾಡಿರಿ ಎಂದು ಕೈಸನ್ನೆ ಮಾಡಿದಳು. ಮೊದಲ ಸಾಲು ಎಲ್ಲರಿಗೂ ಬರುತ್ತಿತ್ತು, ಎರಡನೆಯದು ಯಾರಿಗೂ ಬರಲಿಲ್ಲ. ಅಕ್ಕ ಇದ್ದಾಳಲ್ಲ ಎಂದು ನಾವು ಕಲಿಯದೆ ಬರೀ ಕೇಳುತ್ತಲೇ ಬೆಳೆದಿದ್ದೆವು.

ಕೊನೆಗೆ ಆ ಒಂದೇ ಸಾಲನ್ನು ತಿರುಗಿಸಿ ಮುರುಗಿಸಿ ಹಾಡಿದೆವು. ಅಕ್ಕ ಹಗ್ಗ ತೂಗುತ್ತ, ದನಿಯಿಲ್ಲದ ತುಟಿಗಳಲ್ಲಿ ಮುಂದಿನ ಸಾಲುಗಳನ್ನು ಹಾಡುತ್ತ ಹೋದಳು. ನಾವು ಮೊದಲನೆಯದರಲ್ಲೇ ಉಳಿದೆವು.