ಇವರೇ ಓಡುವಾಗ

ತೆರಕಣಾಂಬಿ ಬಸ್ ನಿಲ್ದಾಣದ ಎದುರು ಗೌಸ್ ಮೊಹಿದ್ದೀನ್ ತನ್ನ ಗೂಡ್ಸ್ ಆಟೊ ನಿಲ್ಲಿಸಿದ್ದು ಟೀ ಕುಡಿಯಲಿಕ್ಕೆ. ಹಿಂದೆ ಮದುವೆ ಮನೆಯೊಂದಕ್ಕೆ ತಲುಪಿಸಬೇಕಾದ ಹೊಸ ಹತ್ತಿ ಹಾಸಿಗೆಗಳಿದ್ದವು. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಮೆಹರುನ್ನಿಸಾ ಸುಮ್ಮನೆ ತಲೆಯೆತ್ತಿ ನೋಡಿದಳು. ಬೇವಿನ ಮರಕ್ಕೂ ಕರೆಂಟ್ ಕಂಬಕ್ಕೂ ಕಟ್ಟಿದ್ದ ದೊಡ್ಡ ಫ್ಲೆಕ್ಸಿನಲ್ಲಿ ಅವಳೇ ಇದ್ದಳು. ತಲೆಗೆ ಕಪ್ಪು ಸ್ಕಾರ್ಫ್ ಬಿಗಿದುಕೊಂಡು, ಬಾಯಿ ತೆರೆದು, ಏದುಸಿರು ಬಿಡುತ್ತ ಓಡುತ್ತಿದ್ದಳು. ಕೆಳಗೆ ಚಾಮರಾಜನಗರದಲ್ಲಿ ನಡೆಯಲಿದ್ದ ಗುಡ್ಡದ ಮ್ಯಾರಥಾನಿನ ವಿವರ. ಅದರ ಮೇಲೆ ಮೊಳದುದ್ದದ ಕೆಂಪು ಅಕ್ಷರಗಳಲ್ಲಿ, "ಇವರೇ ಓಡುವಾಗ ನಿಮಗೇನು ಅಡ್ಡಿ?"

ಮೆಹರುನ್ನಿಸಾ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದವಳು. "ಇವರು ಓಡುವಾಗ" ಎಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. "ಇವರೇ" ಎಂದರೆ ಯಾರು? ಹೆಂಗಸೇ? ನಲವತ್ತು ದಾಟಿದವಳೇ? ಸಾಬರ ಹೆಂಗಸೇ? ಬರೆದವನು ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾನೆ ಎಂದು ಅವಳಿಗೆ ಅನುಮಾನವೇ ಉಳಿಯಲಿಲ್ಲ. ಅವಳು ಅಲ್ಲೇ ಆಟೊದಿಂದ ಇಳಿದು, ಫ್ಲೆಕ್ಸಿನ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು.

ಫೋನ್ ಎತ್ತಿದ್ದು ಮಹಾಲಿಂಗ. ಚಾಮರಾಜನಗರದಲ್ಲಿ ಜಿಮ್ ನಡೆಸುವವನು, ಮ್ಯಾರಥಾನ್ ಸಮಿತಿಯ ಮುಖ್ಯಸ್ಥ. ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ ಅಭ್ಯಾಸದ ಓಟ ಇಟ್ಟಿದ್ದಾಗ ಅವನ ಹುಡುಗರು ತೆಗೆದ ಫೋಟೊ ಅದು. ಯಾರನ್ನು ಕೇಳಿ ಹಾಕಿದಿರಿ ಎಂದು ಮೆಹರುನ್ನಿಸಾ ಕೇಳಿದಳು. ಅವನು ಗಾಬರಿಯಾಗಲಿಲ್ಲ, ನಕ್ಕ. ಜಿಲ್ಲೆಯ ಎಲ್ಲ ಸರ್ಕಲ್‌ಗಳಲ್ಲೂ ಇವಳದೇ ಫೋಟೊ ಇದೆಯಂತೆ, ಖುಷಿ ಪಡಬೇಕಂತೆ.

"ಇವರೇ ಅಂದ್ರೆ ಯಾರು ಸಾರ್?" ಎಂದಳು ಮೆಹರುನ್ನಿಸಾ.

"ಪಾಸಿಟಿವ್ ಆಗಿ ತಗೊಳ್ಳಿ ಮೇಡಂ. ನೀವು ಎಲ್ಲರಿಗೂ ಇನ್‌ಸ್ಪಿರೇಷನ್" ಎಂದು ಅವನು ಫೋನ್ ಇಟ್ಟ.

ಮೆಹರುನ್ನಿಸಾ ಓಡಲು ಶುರು ಮಾಡಿದ್ದು ಯಾರಿಗೂ ಸ್ಫೂರ್ತಿಯಾಗಲಿಕ್ಕಲ್ಲ, ಕೆಮ್ಮಿಗೆ. ಗೌಸ್‌ನ ಮನೆತನದವರು ಗುಂಡ್ಲುಪೇಟೆಯಲ್ಲಿ ತಲೆಮಾರುಗಳಿಂದ ಹಾಸಿಗೆ ಮಾಡುವವರು. ಮದುವೆಯಾಗಿ ಬಂದಾಗಿನಿಂದ ಅವಳೂ ಹತ್ತಿ ಬಿಡಿಸಿ, ತುಂಬಿ, ದಬ್ಬಳದಲ್ಲಿ ಹೊಲಿಯುತ್ತ ಬಂದಿದ್ದಳು. ವರ್ಷಗಟ್ಟಲೆ ಎದೆಯೊಳಗೆ ಹೋದ ಧೂಳು ಚಳಿಗಾಲದಲ್ಲಿ ಕೆಮ್ಮಾಗಿ ಹೊರಬರುತ್ತಿತ್ತು. ಬೆಳಿಗ್ಗೆ ಬಯಲು ಗಾಳಿಯಲ್ಲಿ ನಡೆಯಬೇಕು ಎಂದರು ಡಾಕ್ಟರು. ಊಟಿ ರಸ್ತೆಯ ಬದಿಯಲ್ಲಿ ನಡೆಯತೊಡಗಿದಳು. ಒಂದು ದಿನ ನಾಯಿ ಅಟ್ಟಿಸಿಕೊಂಡು ಬಂತೆಂದು ಓಡಿದಳು. ನಾಯಿ ಹಿಂದೆ ಉಳಿದ ಮೇಲೂ ನಿಲ್ಲಬೇಕೆನ್ನಿಸಲಿಲ್ಲ. ಆಮೇಲೆ ನಾಯಿಯಿಲ್ಲದೆಯೂ ಓಡತೊಡಗಿದಳು. ಕೆಮ್ಮು ಹೋಯಿತು. ಸಿಟ್ಟು ಮಾತ್ರ ಹೋಗಲಿಲ್ಲ. ನಲ್ಲಿ ನೀರು ಬಿಡುವವನಿಂದ ಹಿಡಿದು ಮಸೀದಿ ರಸ್ತೆಯ ಮೋರಿ ಮುಚ್ಚದ ಕಂಟ್ರಾಕ್ಟರನವರೆಗೆ ಆ ಬೀದಿಯಲ್ಲಿ ಅವಳ ಬಾಯಿಗೆ ಸಿಗದವರು ಕಡಿಮೆ.

ಫ್ಲೆಕ್ಸಿನ ವಿಷಯ ಗೌಸ್‌ನನ್ನೂ ಕೆರಳಿಸಿತು. ಆದರೆ ಅವನ ಸಿಟ್ಟು ತಿರುಗಿದ್ದು ಅವಳ ಕಡೆಗೆ. ಅಂಗಡಿಗೆ ಬಂದವರೆಲ್ಲ ಅದನ್ನೇ ಎತ್ತುತ್ತಿದ್ದರು. ಅವನ ಅಣ್ಣ ಮನೆಗೇ ಬಂದು, ನಮ್ಮ ಮನೆಯ ಹೆಂಗಸಿನ ಮುಖ ಬಸ್ ಸ್ಟ್ಯಾಂಡಿನಲ್ಲಿ ನೇತಾಡುತ್ತಿದೆಯಲ್ಲ ಎಂದು ಹೇಳಿ ಚಹಾ ಕುಡಿಯದೆ ಎದ್ದು ಹೋದ. ಅವಳು ಆಗಲೇ ಹೆಸರು ಕೊಟ್ಟಿದ್ದ ಮ್ಯಾರಥಾನಿಗೆ ಹೋಗುವುದು ಬೇಡ ಎಂದ ಗೌಸ್. ಹೋಗದಿದ್ದರೂ ಆ ಮುಖ ಅಲ್ಲೇ ಇರುತ್ತದೆ, ಹೋದರೆ ಕಾಲಾದರೂ ನನ್ನದಾಗಿರುತ್ತದೆ ಎಂದಳು ಅವಳು. ವಾರವಿಡೀ ಇಬ್ಬರಿಗೂ ಮಾತಿರಲಿಲ್ಲ. ಅಡುಗೆಮನೆಯಿಂದ ಅಂಗಡಿಗೆ, ಅಂಗಡಿಯಿಂದ ಅಡುಗೆಮನೆಗೆ ಮಾತು ಸಾಗಿಸುವುದು ಮಗಳು ಸಿಮ್ರಾನ್‌ಳ ಕೆಲಸವಾಯಿತು. ಓಟದ ದಿನ ನಸುಕಿನಲ್ಲಿ ಮೆಹರುನ್ನಿಸಾ ಶೂ ಕಟ್ಟಿ ಬಾಗಿಲಿಗೆ ಬಂದಾಗ ಗೌಸ್ ಆಟೊ ಸ್ಟಾರ್ಟ್ ಮಾಡಿಕೊಂಡು ಕೂತಿದ್ದ. ಚಾಮರಾಜನಗರದಲ್ಲಿ ಹತ್ತಿ ತರುವುದಿದೆ ಎಂದ. ಅವಳು ಏರಿ ಪಕ್ಕದಲ್ಲಿ ಕೂತಳು.

ಸ್ಟೇಡಿಯಂನಲ್ಲಿ ಹಾಡು ಕಿವಿ ಹರಿಯುವಂತೆ ಮೊಳಗುತ್ತಿತ್ತು. ಗಾಳಿ ತುಂಬಿದ ದೊಡ್ಡ ಕಮಾನಿನ ಕೆಳಗೆ ಮೈಸೂರಿನಿಂದ ಬಂದ ಕ್ಲಬ್ಬಿನವರು, ಪೊಲೀಸ್ ಸೆಲೆಕ್ಷನ್ನಿಗೆ ತಯಾರಾಗುತ್ತಿದ್ದ ಹುಡುಗರು, ಕಾಲೇಜಿನವರು ಸೇರಿದ್ದರು. ಇಪ್ಪತ್ತೊಂದು ಕಿಲೋಮೀಟರಿನ ಓಟ. ಹತ್ತು ಗಂಟೆಯವರೆಗೆ ರಸ್ತೆ ಬಂದ್, ದಾರಿಯುದ್ದಕ್ಕೂ ನೀರು, ಆಂಬುಲೆನ್ಸ್ ಎಂದು ಮೈಕಿನಲ್ಲಿ ಮಹಾಲಿಂಗನೇ ಸಾರಿದ. ಆರಕ್ಕೆ ಬಿಡಬೇಕಾದ ಓಟವನ್ನು ಏಳರ ಮೇಲೆ ಬಿಟ್ಟರು, ಮುಖ್ಯ ಅತಿಥಿಗಳು ಬಂದಿರಲಿಲ್ಲ. ಮೈ ಬಿಸಿ ಮಾಡಿಕೊಂಡವರೆಲ್ಲ ನಿಂತಲ್ಲೇ ತಣ್ಣಗಾದರು, ತಂಪು ಹೊತ್ತು ಕಳೆದು ಬಿಸಿಲೇರಿತು.

ಊರು ದಾಟಿ ತೆರಕಣಾಂಬಿ ರಸ್ತೆಯಲ್ಲಿ ಬಾಳೆತೋಟಗಳ ನಡುವೆ ಓಟ ಹಗುರವಾಗಿತ್ತು. ಆಮೇಲೆ ಎಡಕ್ಕೆ ತಿರುಗಿ ಕರಿಕಲ್ಲಿನ ಕ್ವಾರಿಗಳಿದ್ದ ಗುಡ್ಡದ ಏರು ಶುರುವಾಯಿತು. ಹುಡುಗರು ಜಿಂಕೆಗಳ ಹಾಗೆ ಹಾರಿಹೋದರು. ಮೆಹರುನ್ನಿಸಾಳ ತೊಡೆ ಕಲ್ಲಾಯಿತು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಒಂದು ತಿರುವು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತಿರುವು ಮೇಲೆ ಕಾಣುತ್ತಿತ್ತು. ಅಲ್ಲಿ ಅವಳಿಗೆ ಜೊತೆಯಾದವರು ತೆರಕಣಾಂಬಿಯ ಬಾಳೆ ಬೆಳೆಗಾರ ಶಿವರುದ್ರಸ್ವಾಮಿ. ಅರವತ್ತು ದಾಟಿದವರು, ಜೀವಮಾನದಲ್ಲಿ ಮೊದಲ ಬಾರಿಗೆ ಚಡ್ಡಿ ಹಾಕಿಕೊಂಡು ರಸ್ತೆಗೆ ಇಳಿದವರು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಕಣ್ಣಿಗಿಳಿದು ಉರಿಸುತ್ತಿತ್ತು. ಹೆಗಲ ಟವೆಲಿನಿಂದ ಒರೆಸಿಕೊಳ್ಳುತ್ತಲೇ ಓಡುತ್ತಿದ್ದರು.

"ಈ ದಿಣ್ಣೆ ಮೇಲೆ ನಮ್ಮಪ್ಪ ಎತ್ತಿನ್ ಗಾಡೀನೂ ಓಡುಸ್ತಿರ್ನಿಲ್ಲ ಕಣವ್ವ" ಎಂದರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ಆ ಬೋರ್ಡ್‌ನಾಗಿರೋಳು ನೀನೇ ಅಲ್ವಾ? ಇವ್ರೇ ಅಂತ ಬರ್ದವ್ರಲ್ಲ, ಅದ್ಯಾಕವ್ವ?"

"ನಂಗೂ ಗೊತ್ತಿಲ್ಲ ಸ್ವಾಮಣ್ಣ. ಅದ್ನೇ ಕೇಳೋಕ್ ಓಡ್ತಾ ಇವ್ನಿ."

ಗುಡ್ಡದ ನೆತ್ತಿಯಲ್ಲಿ ಹಾಕಿದ್ದ ನೀರಿನ ಟೇಬಲ್ಲಿನ ಮೇಲೆ ನಜ್ಜುಗುಜ್ಜಾದ ಬಾಳೆಹಣ್ಣು, ಖಾಲಿ ಲೋಟ ಬಿಟ್ಟರೆ ಏನೂ ಉಳಿದಿರಲಿಲ್ಲ. ಮುಂದೆ ಹೋದವರು ಕುಡಿದದ್ದಕ್ಕಿಂತ ತಲೆಗೆ ಸುರಿದುಕೊಂಡದ್ದೇ ಹೆಚ್ಚು ಎಂದು ಟೇಬಲ್ ಮಡಚುತ್ತಿದ್ದ ಹುಡುಗ ಹೇಳಿದ. ಇಳಿಜಾರಿನಲ್ಲಿ ಮೆಹರುನ್ನಿಸಾಳ ಹೆಬ್ಬೆರಳು ಶೂಗೆ ಗುದ್ದಿ ಉಗುರು ಸೀಳಿತು. ಆಗ ಹಿಂದಿನಿಂದ ಸಮಿತಿಯ ವ್ಯಾನ್ ಬಂತು. ಹತ್ತಿಕೊಳ್ಳಿ, ಮುಗೀತು ಎಂದರು. ಗಂಟೆ ಇನ್ನೂ ಒಂಬತ್ತೂಕಾಲು. ಹತ್ತರವರೆಗೆ ಅಂದಿದ್ದರಲ್ಲ ಎಂದು ಅವಳು ಕೇಳಿದ್ದಕ್ಕೆ, ಅತಿಥಿಗಳು ಹೊರಡುತ್ತಾರೆ, ಬಹುಮಾನ ಕೊಡಬೇಕು ಎಂದು ಉತ್ತರ ಬಂತು. ಶಿವರುದ್ರಸ್ವಾಮಿ ಹತ್ತುವುದಿಲ್ಲ ಎಂದರು. ಅವಳೂ ಹತ್ತಲಿಲ್ಲ. ವ್ಯಾನ್ ಹಾರ್ನ್ ಹೊಡೆದು ಮುಂದೆ ಹೋಯಿತು. ಅದರ ಬೆನ್ನಿಗೇ, ತಡೆದು ನಿಲ್ಲಿಸಿದ್ದ ಕ್ವಾರಿ ಲಾರಿಗಳು ಒಂದರ ಹಿಂದೊಂದು ಇಳಿಯತೊಡಗಿದವು.

ಹುಣಸೆಮರವೊಂದರ ಹತ್ತಿರ ಶಿವರುದ್ರಸ್ವಾಮಿಯ ಕಾಲು ಅಡ್ಡಾದಿಡ್ಡಿಯಾಯಿತು. ಬೆವರು ನಿಂತು ಮೈ ಒಣಗಿತ್ತು. ಮಾತು ತೊದಲಿತು, ಕೂತವರು ಹಾಗೇ ಒರಗಿದರು. ಮೆಹರುನ್ನಿಸಾ ಎದೆಗೆ ಚುಚ್ಚಿಕೊಂಡಿದ್ದ ಓಟದ ಚೀಟಿಯಲ್ಲಿದ್ದ ತುರ್ತು ನಂಬರಿಗೆ ಫೋನ್ ಮಾಡಿದಳು. ಆಂಬುಲೆನ್ಸ್ ಅತಿಥಿಗಳ ಕಾರಿನ ಹಿಂದೆ ಹೋಗಿದೆ ಎಂದ ಅತ್ತಲಿನವನು. ಅವಳು ಬೈಯಲಿಕ್ಕೂ ಹೊತ್ತು ಕಳೆಯಲಿಲ್ಲ, ಹತ್ತಿ ತುಂಬಿಸಿಕೊಂಡು ಹತ್ತಿರದಲ್ಲೇ ಕಾಯುತ್ತಿದ್ದ ಗೌಸ್‌ಗೆ ಫೋನ್ ಮಾಡಿದಳು. ಪಕ್ಕದ ತೋಟದ ಹೆಂಗಸೊಬ್ಬಳು ಕೊಡದಲ್ಲಿ ನೀರು ತಂದಳು. ಇಬ್ಬರೂ ಸೇರಿ ಟವೆಲ್ ಅದ್ದಿ ಅದ್ದಿ ಮುದುಕರ ಕುತ್ತಿಗೆಗೆ, ಕಂಕುಳಿಗೆ ಒತ್ತಿದರು.

ಗೌಸ್ ಬಂದ. ಅವಳ ಮುಖ ನೋಡಿದ, ಮರದಡಿಯ ಮನುಷ್ಯನನ್ನು ನೋಡಿದ. ಶಿವರುದ್ರಸ್ವಾಮಿಯನ್ನು ಎತ್ತಿ ಆಟೊದ ಹಿಂದೆ ಹತ್ತಿಮೂಟೆಗಳ ನಡುವೆ ಮಲಗಿಸಿದ. ತೋಟದ ಹೆಂಗಸು ತಲೆ ಹಿಡಿದುಕೊಂಡು ಜೊತೆಗೆ ಕೂತಳು. ನೀನೂ ಹತ್ತು ಎಂದ ಗೌಸ್. ಮೆಹರುನ್ನಿಸಾ ತಲೆಯಾಡಿಸಿದಳು. ಅವನು ಅವಳ ಶೂ ಮೇಲಿನ ರಕ್ತದ ಕಲೆಯನ್ನು ಒಂದು ಗಳಿಗೆ ನೋಡಿದ.

"ಹಂಗಾದ್ರೆ ಓಡು. ಲಾರಿ ನೋಡ್ಕೊಂಡು" ಎಂದು ಹೇಳಿ ಆಟೊ ತಿರುಗಿಸಿದ.

ಉಳಿದ ದಾರಿಯಲ್ಲಿ ಅವಳು ದಣಿವಿನಿಂದಲ್ಲ, ಕೋಪದಿಂದ ಉಸಿರಾಡಿದಳು. ದಾರಿ ತೋರಿಸುವ ಬಾಣದ ಗುರುತುಗಳನ್ನು ಕಿತ್ತುಹಾಕಿದ್ದರು. ಲಾರಿಯವರು ಅವಳನ್ನು ಮಣ್ಣಿಗೆ ಇಳಿಸಿ ಧೂಳೆಬ್ಬಿಸಿ ಹೋದರು. ಬಿಟ್ಟುಹೋಗಿದ್ದ ಕೆಮ್ಮು ಮತ್ತೆ ಬಂತು. ಕೆಮ್ಮುತ್ತಲೇ ಓಡಿ ಹತ್ತಕ್ಕೆ ಮುಂಚೆಯೇ ಸ್ಟೇಡಿಯಂ ಗೇಟು ತಲುಪಿದಳು. ಒಳಗೆ ಹಾಡು ನಿಂತಿತ್ತು. ಕಮಾನು ಗಾಳಿ ಇಳಿದು ನೆಲದ ಮೇಲೆ ಮಡಚಿಕೊಂಡು ಬಿದ್ದಿತ್ತು. ವೇದಿಕೆಯ ಕುರ್ಚಿಗಳನ್ನು ಟೆಂಪೊಗೆ ಏರಿಸುತ್ತಿದ್ದರು. ಶಾಮಿಯಾನದಡಿ ಮಹಾಲಿಂಗ ಉಪ್ಪಿಟ್ಟು ತಿನ್ನುತ್ತಿದ್ದ.

ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಫ್ಲೆಕ್ಸಿನವರು ಬಂದರು ಎಂದು ಪಕ್ಕದವರಿಗೆ ಪರಿಚಯಿಸಿದ. ರಟ್ಟಿನ ಡಬ್ಬದಿಂದ ಒಂದು ಪದಕ ತೆಗೆದು, ಕ್ಯಾಮೆರಾದವನನ್ನು ಕೂಗಿದ.

"ಲೈನ್ ಎಲ್ಲಿತ್ತು ಸಾರ್?" ಎಂದಳು ಮೆಹರುನ್ನಿಸಾ.

ಅವನಿಗೆ ಅರ್ಥವಾಗಲಿಲ್ಲ. ಓಟ ಮುಗಿಯುವ ಗೆರೆ ಎಲ್ಲಿತ್ತು ಎಂದು ಬಿಡಿಸಿ ಕೇಳಿದಳು. ಅದೆಲ್ಲ ಬಿಡಿ ಮೇಡಂ, ಟೈಮ್ ಮುಗಿದಿದೆ, ನಿಮಗೆ ಅಂತ ಪದಕ ಇಟ್ಟಿದ್ದೀವಲ್ಲ ಎಂದ. ಹತ್ತು ಇನ್ನೂ ಹೊಡೆದಿಲ್ಲ, ಬೇಕಾದರೆ ಗಡಿಯಾರ ನೋಡಿ ಎಂದಳು. ಅವನು ನೋಡಲಿಲ್ಲ. ಆಗ ಅವಳ ದನಿ ಏರಿತು, ಕುರ್ಚಿ ಹೊರುತ್ತಿದ್ದವರು ನಿಂತು ನೋಡಿದರು.

"ನಿಮ್ ಆಂಬುಲೆನ್ಸ್ ಅತಿಥಿ ಹಿಂದೆ ಓಡ್ತಿರುವಾಗ ಒಬ್ಬ ಮುದ್ಕ ರಸ್ತೇಲಿ ಬಿದ್ದಿದ್ದ. ನನ್ ಗಂಡ ಹತ್ತಿಮೂಟೆ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಹೋಗವ್ನೆ. ನನ್ ಫೋಟೊ ಹಾಕೋಕೆ ಊರೆಲ್ಲ ಕಂಬ ಸಿಕ್ತು, ನಾನ್ ಬರೋಗಂಟ ಒಂದು ಗೆರೆ ಉಳ್ಸೋಕೆ ಆಗ್ಲಿಲ್ವಾ?"

ಮಹಾಲಿಂಗ ಚಮಚದಿಂದಲೇ ಒಂದು ಕಡೆ ತೋರಿಸಿದ. ಅವಳು ಅಲ್ಲಿಗೆ ಹೋಗಿ, ಅಳಿಸಿಹೋಗಿದ್ದ ಸುಣ್ಣದ ಪುಡಿಯ ಗೆರೆಯನ್ನು ಕುಂಟುತ್ತ ಓಡಿ ದಾಟಿದಳು. ಪದಕ ತೆಗೆದುಕೊಳ್ಳಲಿಲ್ಲ. ಕ್ಯಾಮೆರಾದವನು ಹತ್ತಿರ ಬಂದಾಗ ಅವನ ಲೆನ್ಸಿಗೆ ಅಂಗೈ ಅಡ್ಡ ಹಿಡಿದಳು.

ಆಸ್ಪತ್ರೆಯಲ್ಲಿ ಶಿವರುದ್ರಸ್ವಾಮಿಗೆ ಗ್ಲೂಕೋಸ್ ಹಾಕಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅವರ ಮನೆಯವರು ಬರುವ ತನಕ ಗಂಡ ಹೆಂಡತಿ ಇಬ್ಬರೂ ಕೂತಿದ್ದು, ಆಮೇಲೆ ಹೊರಟರು. ತೆರಕಣಾಂಬಿಯಲ್ಲಿ ಮೆಹರುನ್ನಿಸಾ ಆಟೊ ನಿಲ್ಲಿಸೆಂದಳು. ಗೌಸ್ ಸೀಟಿನ ಕೆಳಗಿನಿಂದ ಹಾಸಿಗೆ ಬಟ್ಟೆ ಕತ್ತರಿಸುವ ಕತ್ತರಿ ತೆಗೆದು ಕೊಟ್ಟ. ಆಟೊದ ಹಿಂದಿನ ಹತ್ತಿಮೂಟೆಗಳ ಮೇಲೇರಿ ಅವಳು ಫ್ಲೆಕ್ಸಿನಿಂದ ತನ್ನ ಮುಖವನ್ನು ಕತ್ತರಿಸಿ ತೆಗೆದಳು. ಕೆಳಗಿನ ಅಕ್ಷರಗಳನ್ನು ಮುಟ್ಟಲಿಲ್ಲ. ಯಾರು ಬರೆದರೋ ಅವರೇ ಇಟ್ಟುಕೊಳ್ಳಲಿ ಎಂದಳು.

ಸಂಜೆಗೆ ಮಹಾಲಿಂಗನ ಫೋನ್ ಬಂತು. ಸಮಿತಿಯ ಆಸ್ತಿ ಹಾಳು ಮಾಡಿದ್ದೀರಿ, ಪೊಲೀಸರಿಗೆ ಹೇಳಬೇಕಾಗುತ್ತದೆ ಎಂದ.

"ಹೇಳಿ. ನನ್ ಮುಖ ನಾನು ಕದ್ಕೊಂಡೋದೆ ಅಂತಾನೇ ಬರ್ಸಿ" ಎಂದಳು ಮೆಹರುನ್ನಿಸಾ. ದೂರು ದಾಖಲಾಗಲಿಲ್ಲ. ಚೇತರಿಸಿಕೊಂಡ ಶಿವರುದ್ರಸ್ವಾಮಿಯೂ ಅವಳೂ ಸೇರಿ ಅಧಿಕಾರಿಗಳಿಗೆ ಕೊಟ್ಟ ಅರ್ಜಿಯೂ ಎಲ್ಲಿಗೂ ಮುಟ್ಟಲಿಲ್ಲ. ಅದು ಖಾಸಗಿ ಕಾರ್ಯಕ್ರಮ ಎಂದು ಒಬ್ಬರು ಹೇಳಿ ಕಳಿಸಿದರು.

ಮರುವರ್ಷವೂ ಮ್ಯಾರಥಾನ್ ಬಂತು. ಫ್ಲೆಕ್ಸಿನಲ್ಲಿ ಈ ಸಲ ಯಾರ ಮುಖವೂ ಇರಲಿಲ್ಲ, ಬರೀ ಗುಡ್ಡದ ಚಿತ್ರವಿತ್ತು. ಮೆಹರುನ್ನಿಸಾ ಹೆಸರು ಕೊಟ್ಟಳು. ಓಟದ ದಿನ ಅವಳು ಏರನ್ನು ಹತ್ತಿ ನೆತ್ತಿಗೆ ಬಂದಾಗ, ಖಾಲಿಯಾದ ಟೇಬಲ್ಲಿನ ಪಕ್ಕದಲ್ಲೇ ಗೌಸ್‌ನ ಆಟೊ ನಿಂತಿತ್ತು. ಹಿಂದೆ ಹಾಸಿಗೆಗಳಿರಲಿಲ್ಲ, ನೀರಿನ ಡ್ರಮ್ಮುಗಳಿದ್ದವು. ಓಡುವಂತಿಲ್ಲ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದ ಶಿವರುದ್ರಸ್ವಾಮಿ ಡ್ರಮ್ಮಿನ ಪಕ್ಕ ಕೂತು, ಬಂದವರಿಗೆಲ್ಲ ಬೈಯುತ್ತ ನೀರು ಮೊಗೆದು ಕೊಡುತ್ತಿದ್ದರು. ಸಮಿತಿಯ ಬಿಲ್ಲೆ ತೊಟ್ಟ ಇಬ್ಬರು, ಪರ್ಮಿಷನ್ ಇಲ್ಲದೆ ಇಲ್ಲಿ ಗಾಡಿ ನಿಲ್ಲಿಸಬಾರದು ಎಂದು ಗೌಸ್‌ನ ಜೊತೆ ವಾದಕ್ಕೆ ನಿಂತಿದ್ದರು.

"ಕೊನೇ ಮನ್ಸ ದಾಟೋಗಂಟ ಈ ಗಾಡಿ ಇಲ್ಲಿಂದ ಅಳ್ಳಾಡಾಕಿಲ್ಲ" ಎನ್ನುತ್ತಿದ್ದ ಗೌಸ್. ಎಂದೂ ಯಾರೊಂದಿಗೂ ದನಿ ಎತ್ತದವನು. ಅವನ ಕುತ್ತಿಗೆಯ ನರ ಉಬ್ಬಿತ್ತು.

ಮೆಹರುನ್ನಿಸಾ ನೀರು ಕುಡಿದು ಇಳಿಜಾರಿಗೆ ಇಳಿದಳು.

ಸ್ಟೇಡಿಯಂ ತಲುಪಿದಾಗ ಕಮಾನು ಇನ್ನೂ ನಿಂತೇ ಇತ್ತು. ಅದರ ಕೆಳಗೆ ಓಡಿ ದಾಟಿದಳು. ಮಹಾಲಿಂಗ ಪದಕ ನೀಡಿದ, ಈ ಸಲ ತೆಗೆದುಕೊಂಡಳು. ಆಗಲೇ ಒಬ್ಬ ಬಂದು ಕಮಾನಿಗೆ ಗಾಳಿ ಊದುತ್ತಿದ್ದ ಮೋಟಾರಿನ ವೈರ್ ಕೀಳಲು ಬಗ್ಗಿದ. ಹಿಂದೆ ಇನ್ನೂ ಜನ ಬರುತ್ತಿದ್ದಾರೆ ಎಂದಳು. ಸಾಹೇಬ್ರು ಬಿಚ್ಚು ಅಂದವ್ರೆ ಎಂದ ಅವನು. ಮೆಹರುನ್ನಿಸಾ ವೈರಿನ ಮೇಲೆ ಕಾಲಿಟ್ಟು, ಮೋಟಾರಿನ ಪಕ್ಕದಲ್ಲೇ ನೆಲಕ್ಕೆ ಕೂತಳು. ಶೂ ಬಿಚ್ಚಲಿಲ್ಲ. ಮಹಾಲಿಂಗ ದೂರದಿಂದ ಅವಳನ್ನು ನೋಡಿ, ತಿರುಗಿ ಹೋದ. ಗೇಟಿನಾಚೆ ಬಿಸಿಲಿನಲ್ಲಿ ದಪ್ಪಗಿನ ಹುಡುಗಿಯೊಬ್ಬಳು ಸೊಂಟ ಹಿಡಿದುಕೊಂಡು ಬರುತ್ತಿದ್ದಳು. ಅವಳ ಹಿಂದೆ ಇನ್ನೂ ಯಾರೋ ಇದ್ದರು.